ಕಲಾ ವಿಭಾಗದ ಖಾಲಿ ಬೆಂಚುಗಳು ಮತ್ತು ನಮ್ಮ ಸಮುದಾಯ

(ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ಪಿಯುಸಿ ಫಲಿತಾಂಶ ಪ್ರಕಟವಾದೊಡನೆ ನಮ್ಮ ಮನೆಗಳಲ್ಲಿ ಒಂದು ಚರ್ಚೆ ಆರಂಭವಾಗುತ್ತದೆ. ಅಂಕ ಹೆಚ್ಚಿದ್ದರೆ ವೈದ್ಯಕೀಯ ಅಥವಾ ಇಂಜಿನಿಯರಿಂಗ್. ಸ್ವಲ್ಪ ಕಡಿಮೆಯಾದರೆ ವಾಣಿಜ್ಯ. ಬೇರೆ ಯಾವುದೂ ದೊರೆಯದಿದ್ದರೆ ಬಿ.ಎ. ಹುಡುಗನಾದರೆ ಗಲ್ಫ್ ವೀಸಾ ಬರುವ ತನಕ ಬಿ.ಎ., ಹುಡುಗಿಯಾದರೆ ವಿವಾಹ ನಿಶ್ಚಯವಾಗುವ ತನಕ ಬಿ.ಎ. ಇತಿಹಾಸ, ಸಾಹಿತ್ಯ, ತತ್ತ್ವಶಾಸ್ತ್ರ, ಸಮಾಜಶಾಸ್ತ್ರಗಳನ್ನು ನಾವು ಬಸ್ ನಿಲ್ದಾಣದ ಬೆಂಚಿನಂತೆ ಕಾಣುತ್ತೇವೆ. ಅಲ್ಲಿ ಕಾಯಬಹುದು, ನೆಲೆಸಲಾಗದು ಎಂಬುದು ನಮ್ಮ ಭಾವನೆ. ಈ ಭಾವನೆಗೆ ಸಮುದಾಯವು ತೆರುತ್ತಿರುವ ಬೆಲೆ ಎಷ್ಟೆಂಬುದನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇನೆ.

ನಮ್ಮ ನಾಡಿನದೇ ಉದಾಹರಣೆಯಿಂದ ಆರಂಭಿಸೋಣ. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾಯಿತು. ಬ್ರಿಟಿಷರ ನೇರ ಆಡಳಿತದ ಹೊರಗೆ ದೇಶದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯವದು. ಜನರ ತೆರಿಗೆಯಿಂದ ನಡೆದ ಆ ಸಂಸ್ಥೆಯ ಕಲಾ ವಿಭಾಗಗಳು ಈ ನಾಡಿಗೆ ಏನು ಕೊಟ್ಟವು?

ಮುಂದೆ ಆ ವಿಶ್ವವಿದ್ಯಾನಿಲಯದ ಭಾಗವಾದ ಮೈಸೂರಿನ ಓರಿಯಂಟಲ್ ಲೈಬ್ರರಿಗೆ 1905ರಲ್ಲಿ ಪಂಡಿತರೊಬ್ಬರು ತಾಳೆಗರಿಗಳ ಕಟ್ಟೊಂದನ್ನು ತಂದುಕೊಟ್ಟರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಮುದ್ರಿಸಿದರು. ಪ್ರಾಚೀನ ಭಾರತದ ಆಡಳಿತದ ಬಗ್ಗೆ ಜಗತ್ತು ಹೊಂದಿದ್ದ ಕಲ್ಪನೆಯೇ ಇದರಿಂದ ಬದಲಾಯಿತು. ಇತಿಹಾಸ ಪ್ರಾಧ್ಯಾಪಕರೂ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಆಗಿದ್ದ ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೇಲೂರು ತಾಲೂಕಿನ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದರು. ಕನ್ನಡದ ಪ್ರಾಚೀನತೆಯ ಬಗ್ಗೆ ಇಂದು ನಾವೆಲ್ಲರೂ ಹೆಮ್ಮೆಯಿಂದ ಮಾತಾಡುವಾಗ ಆ ಶಾಸನವೇ ಸಾಕ್ಷಿಯಾಗಿ ನಿಲ್ಲುತ್ತದೆ. ಅಲ್ಲಿಯೇ ಓದಿ, ಅಲ್ಲಿಯೇ ಪಾಠ ಹೇಳಿ, 1956ರಲ್ಲಿ ಕುಲಪತಿಯಾದ ಕುವೆಂಪು ಅವರು ಮಾನಸಗಂಗೋತ್ರಿಯನ್ನು ಕಟ್ಟಿದರು. 1966ರಲ್ಲಿ ಆರಂಭವಾದ ಕನ್ನಡ ಅಧ್ಯಯನ ಸಂಸ್ಥೆಯು ವಿಶ್ವಕೋಶವನ್ನೂ ಶಾಸನ ಸಂಪುಟಗಳನ್ನೂ ಹೊರತಂದಿತು. ಹಳ್ಳಿಯ ಮನೆಗಳಿಂದ ಸಂಗ್ರಹಿಸಿದ ವಸ್ತುಗಳಿಂದ ಜಾನಪದ ವಸ್ತು ಸಂಗ್ರಹಾಲಯವೇ ಎದ್ದು ನಿಂತಿತು. ಪ್ರಾಧ್ಯಾಪಕರು ಊರೂರಿಗೆ ಹೋಗಿ ಉಪನ್ಯಾಸ ನೀಡಿದರು. ಆ ಉಪನ್ಯಾಸಗಳು ಪುಟ್ಟ ಪುಸ್ತಕಗಳಾಗಿ ಅಲ್ಪ ಬೆಲೆಗೆ ಜನರ ಕೈ ಸೇರಿದವು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ತಾಳೆಗರಿ ತಾನಾಗಿ ಮಾತಾಡುವುದಿಲ್ಲ, ಕಲ್ಲು ತಾನಾಗಿ ಸಾಕ್ಷಿ ಹೇಳುವುದಿಲ್ಲ. ಲಿಪಿಯನ್ನು ಕಲಿತ, ಭಾಷೆಯನ್ನು ಬಲ್ಲ, ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸುವ ತಾಳ್ಮೆಯುಳ್ಳ ವ್ಯಕ್ತಿ ಬೇಕು. ಅಂತಹ ವ್ಯಕ್ತಿಯನ್ನು ರೂಪಿಸಲು ಹತ್ತು ಹದಿನೈದು ವರ್ಷಗಳು ಬೇಕು. ಅಷ್ಟು ಕಾಲ ಅವನಿಗೆ ಸಂಬಳ ಕೊಟ್ಟು, ಗ್ರಂಥಾಲಯ ಒದಗಿಸಿ, ಲಾಭವೆಷ್ಟೆಂದು ಕೇಳದೆ ಕಾಯಬಲ್ಲ ಸಂಸ್ಥೆ ಸಾರ್ವಜನಿಕ ವಿಶ್ವವಿದ್ಯಾನಿಲಯವೊಂದೇ.

ಈ ಸಂಪತ್ತಿನಲ್ಲಿ ನಮ್ಮ ಪಾಲು ಇಲ್ಲವೇ? ಖಂಡಿತ ಇದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಪ್ರಾಧ್ಯಾಪಕರಾಗಿದ್ದ ಬಿ. ಶೇಖ್ ಅಲಿಯವರು ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲವನ್ನು ಮೂಲ ದಾಖಲೆಗಳ ಆಧಾರದಲ್ಲಿ ಅಧ್ಯಯನ ಮಾಡಿದರು. ಕೊಣಾಜೆಯಲ್ಲಿ ಮೈಸೂರಿನ ಸ್ನಾತಕೋತ್ತರ ಕೇಂದ್ರವಾಗಿದ್ದುದು 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾದಾಗ ಅದರ ಪ್ರಥಮ ಕುಲಪತಿಯಾದವರು ಅವರೇ. ಆ ಬಳಿಕ ಗೋವಾ ವಿಶ್ವವಿದ್ಯಾನಿಲಯಕ್ಕೂ ಪ್ರಥಮ ಕುಲಪತಿಯಾದರು. 2022ರಲ್ಲಿ ಅವರು ನಿಧನರಾದಾಗ, ಒಬ್ಬ ಇತಿಹಾಸ ವಿದ್ಯಾರ್ಥಿ ಎರಡು ವಿಶ್ವವಿದ್ಯಾನಿಲಯಗಳಿಗೆ ಅಡಿಗಲ್ಲಾದುದನ್ನು ನಮ್ಮಲ್ಲಿ ಎಷ್ಟು ಮಂದಿ ನಮ್ಮ ಮಕ್ಕಳಿಗೆ ಹೇಳಿದೆವು?

ಹಂಪಿಯ ಕನ್ನಡ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ರಹಮತ್ ತರೀಕೆರೆಯವರು ಕರ್ನಾಟಕದ ಸೂಫಿಗಳ ಬಗ್ಗೆ, ಮೊಹರಂ ಆಚರಣೆಯ ಬಗ್ಗೆ ಊರೂರು ತಿರುಗಿ ಬರೆದರು. 2010ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು. ಎಸ್.ಕೆ. ಕರೀಂಖಾನರು ತಮ್ಮ ಬದುಕನ್ನೇ ಜಾನಪದ ಗೀತೆಗಳ ಸಂಗ್ರಹಕ್ಕೆ ಮುಡಿಪಾಗಿಟ್ಟರು. ಭೂವಿಜ್ಞಾನ ಬೋಧಿಸುತ್ತಿದ್ದ ಕೆ.ಎಸ್. ನಿಸಾರ್ ಅಹಮದ್ ಕನ್ನಡದ ಮನೆಮಾತಾದ ಕವಿಯಾದರು. ವಿಜ್ಞಾನವನ್ನೋ ಸಾಹಿತ್ಯವನ್ನೋ ಒಂದನ್ನು ತೊರೆಯಬೇಕಾದ ಅಗತ್ಯ ಅವರಿಗೆ ಕಾಣಲಿಲ್ಲ. ಹಾಸನದ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳು ದೀಪಾ ಭಾಸ್ತಿಯವರ ಅನುವಾದದ ಮೂಲಕ 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದವು. ಅವರ ಎಲ್ಲ ಅಭಿಪ್ರಾಯಗಳನ್ನು ಒಪ್ಪಬೇಕೆಂದಿಲ್ಲ. ಆದರೆ ನಮ್ಮ ಮನೆಗಳ ಒಳಗಿನ ಮಾತು ಸಾಹಿತ್ಯವಾದರೆ ಜಗತ್ತು ಕಿವಿಗೊಡುತ್ತದೆ ಎಂಬುದಂತೂ ಸಿದ್ಧವಾಯಿತು.

ಹೀಗೆ ಕೆಲವು ಹೆಸರುಗಳನ್ನು ಹೇಳಿ ಸಂತೋಷಪಡಬಹುದು. ಆದರೆ ಬೆರಳೆಣಿಕೆಯ ಹೆಸರುಗಳಿಂದ ಒಂದು ಸಮುದಾಯದ ವಿದ್ವತ್ತು ನಿಲ್ಲುವುದಿಲ್ಲ. ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ತರಗತಿಯ 25 ವಿದ್ಯಾರ್ಥಿಗಳಲ್ಲಿ ಒಬ್ಬರು, ಸ್ನಾತಕೋತ್ತರ ತರಗತಿಯ 50 ವಿದ್ಯಾರ್ಥಿಗಳಲ್ಲಿ ಒಬ್ಬರು ಮಾತ್ರ ಮುಸ್ಲಿಮರು ಎಂದು 2006ರಲ್ಲಿ ಸಾಚಾರ್ ಸಮಿತಿಯ ವರದಿ ಹೇಳಿತು. ಆ ವರದಿಯನ್ನು ನಾವು ಉದ್ಯೋಗದ ದೃಷ್ಟಿಯಿಂದ ಬಹಳ ಚರ್ಚಿಸಿದ್ದೇವೆ. ಮೇಲಿನ ತರಗತಿಗೆ ಹೋದಂತೆ ನಮ್ಮ ಸಂಖ್ಯೆ ಅರ್ಧಕ್ಕಿಳಿಯುತ್ತದೆ ಎಂದರೆ, ಸಂಶೋಧನೆಯ ಬಾಗಿಲಿಗೆ ತಲುಪುವವರು ಇನ್ನೆಷ್ಟು ಎಂಬುದನ್ನು ಚರ್ಚಿಸಿಲ್ಲ.

ಇದರ ಪರಿಣಾಮವನ್ನು ಒಂದು ನಿದರ್ಶನದಿಂದ ವಿವರಿಸುತ್ತೇನೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಟಿಪ್ಪುವಿನ ಅರಮನೆಯಲ್ಲಿ ಸುಮಾರು 2000 ಹಸ್ತಪ್ರತಿಗಳ ಗ್ರಂಥಾಲಯವಿತ್ತು. ಅರಬಿ, ಪರ್ಶಿಯನ್ ಮುಂತಾದ ಭಾಷೆಗಳ ಆ ಗ್ರಂಥಗಳನ್ನು ಬ್ರಿಟಿಷರು ಸಾಗಿಸಿದರು. ಚಾರ್ಲ್ಸ್ ಸ್ಟೂವರ್ಟ್ ಎಂಬಾತ ಅವುಗಳ ವಿವರಣಾತ್ಮಕ ಪಟ್ಟಿಯನ್ನು 1809ರಲ್ಲಿ ಪ್ರಕಟಿಸಿದ. ಅವುಗಳಲ್ಲಿ ಅನೇಕ ಗ್ರಂಥಗಳು ಇಂದು ಲಂಡನ್ನಿನಲ್ಲೂ ಕೋಲ್ಕತ್ತಾದಲ್ಲೂ ಇವೆ. ಟಿಪ್ಪುವಿನ ಹೆಸರಿನಲ್ಲಿ ನಮ್ಮ ರಾಜ್ಯದಲ್ಲಿ ಎಷ್ಟು ವಾದವಿವಾದಗಳಾದವು! 2015ರಲ್ಲಿ ಸರಕಾರಿ ಜಯಂತಿ ಆರಂಭವಾಯಿತು, 2019ರಲ್ಲಿ ರದ್ದಾಯಿತು. ಪರ, ವಿರೋಧ ಎರಡೂ ಕಡೆ ಘೋಷಣೆಗಳು ಮೊಳಗಿದವು. ಆದರೆ ಘೋಷಣೆ ಕೂಗಿದವರಲ್ಲಿ ಆ ಕಾಲದ ಪರ್ಶಿಯನ್ ಪತ್ರವೊಂದನ್ನು ಓದಬಲ್ಲವರು ಎಷ್ಟು ಮಂದಿ? ನಮ್ಮ ಪೂರ್ವಜರ ದಾಖಲೆಗಳನ್ನು ಓದಬಲ್ಲ ಒಂದು ಪೀಳಿಗೆಯನ್ನು ನಾವು ಬೆಳೆಸದಿದ್ದರೆ, ಇತರರು ಓದಿ ಹೇಳಿದ್ದನ್ನು ಒಪ್ಪುವುದು ಅಥವಾ ಪ್ರತಿಭಟಿಸುವುದು, ಈ ಎರಡೇ ದಾರಿಗಳು ನಮಗೆ ಉಳಿಯುತ್ತವೆ.

ಅರಮನೆಯ ಗ್ರಂಥಾಲಯ ದೂರದ ಮಾತಾಯಿತು. ನಮ್ಮ ಮನೆಗಳಿಗೇ ಬರೋಣ. ಕರಾವಳಿಯ ಹಳೆಯ ಮನೆಗಳಲ್ಲಿ ಅರಬಿ ಮಲಯಾಳ ಲಿಪಿಯ ಕೃತಿಗಳಿವೆ. ಬ್ಯಾರಿ ಮದುವೆಯ ಹಾಡುಗಳು ಅಜ್ಜಿಯರ ನಾಲಗೆಯಲ್ಲಿವೆ. ಭಟ್ಕಳದಲ್ಲಿ ನವಾಯತಿ ಭಾಷೆಯಿದೆ. ವಿಜಾಪುರ, ಕಲಬುರ್ಗಿ, ಬೀದರ್‌ಗಳ ಮನೆಗಳಲ್ಲಿ ದಖ್ಖನಿಯ ಗಾದೆ, ಜೋಗುಳ, ಬೀಸುವ ಹಾಡುಗಳಿವೆ. 2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಯಿತು, ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಬ್ಯಾರಿ ಅಧ್ಯಯನ ಪೀಠವೂ ಬಂತು. ಸಂತೋಷ. ಆದರೆ ಪೀಠಕ್ಕೆ ಸಂಶೋಧಕರು ಬೇಕಲ್ಲವೇ? ಒಬ್ಬ ಅಜ್ಜಿ ತೀರಿಕೊಂಡಾಗ ಅವರ ಒಡವೆಯನ್ನು ಮಕ್ಕಳು ಹಂಚಿಕೊಳ್ಳುತ್ತಾರೆ, ಹಾಡನ್ನು ಯಾರೂ ಕೇಳುವುದಿಲ್ಲ.

ಈಗ ತಮ್ಮ ಪ್ರಶ್ನೆಗೆ ಬರುತ್ತೇನೆ. 'ಇದೆಲ್ಲ ಸರಿ, ಆದರೆ ಹೊಟ್ಟೆಪಾಡು?' ಇದು ನ್ಯಾಯವಾದ ಪ್ರಶ್ನೆ. ಅದನ್ನು ತೇಲಿಸಿಬಿಡಲಾಗದು. ಸಾರ್ವಜನಿಕ ವಿಶ್ವವಿದ್ಯಾನಿಲಯಗಳಲ್ಲಿ ಖಾಯಂ ಹುದ್ದೆಗಳು ಖಾಲಿ ಬಿದ್ದಿವೆ. ಪಿಎಚ್.ಡಿ. ಪಡೆದವರೂ ವರ್ಷಾನುಗಟ್ಟಲೆ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಿದ್ದಾರೆ. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಬಡ ಮನೆಯ ಹುಡುಗನಿಗೆ 'ಐದು ವರ್ಷ ಸಂಶೋಧನೆ ಮಾಡು' ಎನ್ನುವುದು ಸುಲಭವಲ್ಲ.

ಆದರೂ ಎರಡು ಮಾತು. ಮೊದಲನೆಯದಾಗಿ, ಕಲಾ ಪದವಿಯಿಂದ ಅಧ್ಯಾಪನವೊಂದೇ ಅಲ್ಲ, ಕಾನೂನು, ಪತ್ರಿಕೋದ್ಯಮ, ಅನುವಾದ, ಗ್ರಂಥಾಲಯ, ಪತ್ರಾಗಾರ ಮತ್ತು ಆಡಳಿತ ಸೇವೆಗಳ ಬಾಗಿಲುಗಳೂ ತೆರೆಯುತ್ತವೆ. ಐಎಎಸ್, ಕೆಎಎಸ್ ಪರೀಕ್ಷೆ ಬರೆಯುವವರು ಮತ್ತೆ ಕುಳಿತು ಓದುವುದು ಇತಿಹಾಸ, ರಾಜ್ಯಶಾಸ್ತ್ರಗಳನ್ನೇ. ಎರಡನೆಯದಾಗಿ, ಆಸಕ್ತಿಯಿಲ್ಲದೆ ಸಾಲಮಾಡಿ ಇಂಜಿನಿಯರಿಂಗ್ ಮುಗಿಸಿ ಕೆಲಸವಿಲ್ಲದೆ ಅಲೆಯುವ ಯುವಕರು ನಮ್ಮ ಊರುಗಳಲ್ಲಿ ಕಡಿಮೆಯೇನಲ್ಲ. ಎಲ್ಲರೂ ಕಲಾ ವಿಭಾಗಕ್ಕೆ ಹೋಗಲಿ ಎಂದು ನಾನು ಹೇಳುವುದಿಲ್ಲ. ಮೊದಲ ಸ್ಥಾನ ಪಡೆದ ಮಗು 'ನನಗೆ ಇತಿಹಾಸ ಬೇಕು' ಎಂದಾಗ ಮನೆಯಲ್ಲಿ ಶೋಕದ ವಾತಾವರಣ ಉಂಟಾಗದಿರಲಿ ಎಂದಷ್ಟೇ ನನ್ನ ವಿನಂತಿ.

ತಾಯಂದಿರಲ್ಲಿ ವಿಶೇಷವಾದ ಒಂದು ಮಾತು. ನಮ್ಮ ಹೆಣ್ಣುಮಕ್ಕಳು ಇಂದು ಪದವಿ ತರಗತಿಗಳಲ್ಲಿ ಚೆನ್ನಾಗಿ ಓದುತ್ತಿದ್ದಾರೆ, ರ‍್ಯಾಂಕ್ ಪಡೆಯುತ್ತಿದ್ದಾರೆ. ಆದರೆ ಬಿ.ಎ. ಮುಗಿದ ದಿನವೇ ಅವರ ಪುಸ್ತಕಗಳು ಅಟ್ಟ ಸೇರುತ್ತವೆ. ಮನೆಯೊಳಗಿನ ಹಾಡು, ಕಥೆ, ನುಡಿಗಟ್ಟುಗಳನ್ನು ಸಂಗ್ರಹಿಸಲು ಆ ಹೆಣ್ಣುಮಕ್ಕಳಿಗಿರುವ ಪ್ರವೇಶ ಹೊರಗಿನ ಯಾವ ಸಂಶೋಧಕನಿಗೂ ದೊರೆಯದು. ಅವರಿಗೆ ಎಂ.ಎ.ಯ ಎರಡು ವರ್ಷಗಳನ್ನು ಕೊಡಿರಿ. ವಿವಾಹವಾದ ಬಳಿಕವೂ ಸಂಶೋಧನೆ ಮುಂದುವರಿಯುವಂತೆ ಅಳಿಯಂದಿರೊಡನೆ ಮೊದಲೇ ಮಾತಾಡಿರಿ.

ಕೊನೆಯದಾಗಿ ಮೂರು ಸಲಹೆಗಳು. ನಮ್ಮ ಊರಿನ ಜಮಾಅತ್‌ಗಳೂ ವಿದ್ಯಾರ್ಥಿವೇತನ ನಿಧಿಗಳೂ ವೈದ್ಯಕೀಯ ಹಾಗೂ ತಾಂತ್ರಿಕ ವಿದ್ಯಾರ್ಥಿಗಳಿಗೆ ನೀಡುವ ನೆರವಿನಲ್ಲಿ ಒಂದು ಪಾಲನ್ನು ಇತಿಹಾಸ, ಭಾಷೆ, ಜಾನಪದಗಳ ಸಂಶೋಧನಾ ವಿದ್ಯಾರ್ಥಿಗಳಿಗಾಗಿ ತೆಗೆದಿಡಲಿ. ಮನೆಯಲ್ಲಿರುವ ಹಳೆಯ ಕಾಗದಪತ್ರ, ಕೈಬರಹದ ಗ್ರಂಥಗಳನ್ನು ಗುಜರಿಗೆ ಹಾಕದೆ ಸಮೀಪದ ವಿಶ್ವವಿದ್ಯಾನಿಲಯದ ವಿಭಾಗಕ್ಕೆ ತೋರಿಸಿರಿ. ಅರ್ಥಶಾಸ್ತ್ರವೂ ಅಂತಹ ಒಂದು ಕಟ್ಟಾಗಿಯೇ ಬಂದಿತ್ತು. ಖಾಲಿ ಹುದ್ದೆಗಳನ್ನು ತುಂಬಬೇಕೆಂಬ ಬೇಡಿಕೆಯನ್ನು ನಮ್ಮ ಶಾಸಕರ ಮುಂದಿಡುವಾಗ ರಸ್ತೆ, ಸಮುದಾಯ ಭವನಗಳ ಬೇಡಿಕೆಯಷ್ಟೇ ಗಟ್ಟಿಯಾಗಿ ಇಡೋಣ. ವಿಶ್ವವಿದ್ಯಾನಿಲಯಗಳು ನಮ್ಮ ತೆರಿಗೆಯಿಂದಲೂ ನಡೆಯುತ್ತಿವೆ. ಅಲ್ಲಿನ ಗ್ರಂಥಾಲಯ ನಮ್ಮದು, ಅಲ್ಲಿನ ವೇದಿಕೆ ನಮ್ಮದು, ಅಲ್ಲಿ ಖಾಲಿಯಿರುವ ಬೆಂಚಿನಲ್ಲಿ ಕುಳಿತುಕೊಳ್ಳಬೇಕಾದವರು ನಮ್ಮ ಮಕ್ಕಳೂ ಹೌದು.