ಗಾಜಿನ ತೊಟ್ಟಿಯಲ್ಲಿ ಉಸುಕು ಸೋಸುವ ಮೀನು

ರಾಣೆಬೆನ್ನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿಯೊಂದುಂಟು. ಅದರಲ್ಲಿರುವುದು ಉಪ್ಪುನೀರು. ಬಂದವರಲ್ಲಿ ಕೆಲವರು ಬೆರಳದ್ದಿ ನಾಲಗೆಗೆ ಹಚ್ಚಿ ನೋಡುತ್ತಾರೆ. ಖಾತ್ರಿಯಾದ ಮೇಲೆ, ‘ಬಯಲುಸೀಮೆಯಲ್ಲಿ ಕೂತು ಸಮುದ್ರ ಸಾಕುವುದು ಇದೆಂಥ ಹುಚ್ಚು?’ ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಹಾವೇರಿಯಿಂದ ಹೊರಟು, ಶಿರಸಿಯ ಮೇಲೆ ಹಾಯ್ದು, ದೇವಿಮನೆ ಘಟ್ಟ ಇಳಿದು ಕುಮಟೆಯ ಕಡಲದಂಡೆ ಮುಟ್ಟಬೇಕಾದರೆ ಸುಮಾರು ೧೩೦ ಕಿಲೋಮೀಟರು ಆಗುತ್ತದೆ. ನಮ್ಮ ಊರಿನಿಂದ ಇನ್ನಷ್ಟು. ಆದರೂ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಲ್ಲಿ ಈ ಹುಚ್ಚು ಹಿಡಿದವರು ನಾಲ್ಕಾರು ಮಂದಿ ಇದ್ದೇವೆ. ಒಬ್ಬರ ಮೀನು ಸತ್ತರೆ ಇನ್ನೊಬ್ಬರು ದೂರವಾಣಿಯಲ್ಲಿ ವಿಚಾರಿಸಿಕೊಳ್ಳುವಷ್ಟು ನಮ್ಮಲ್ಲಿ ಬಳಕೆಯಿದೆ.

ಹವಳದ ದಿಬ್ಬದ ನೆರೆಹೊರೆಯನ್ನು ಅನುಕರಿಸಿ ಕಟ್ಟಿದ ಇಂಥ ತೊಟ್ಟಿಗಳವರು ಬಹುವಾಗಿ ಬಯಸುವ ಒಂದು ಮೀನಿದೆ. ಅದರ ಕುಲಕ್ಕೆ ಇಂಗ್ಲಿಷಿನಲ್ಲಿ ಗೋಬಿ ಎನ್ನುತ್ತಾರೆ. ನಮ್ಮ ಊರಿನಲ್ಲಿ ಆ ಹೆಸರು ಹೇಳಿದರೆ ಸಂಜೆಯ ತಳ್ಳುಗಾಡಿಯ ಮಂಚೂರಿಯೇ ಜನರ ನೆನಪಿಗೆ ಬರುವುದರಿಂದ, ನಾನು ಇದನ್ನು ಉಸುಕು ಸೋಸುವ ಮೀನು ಎಂದೇ ಕರೆಯುತ್ತೇನೆ. ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಶಾಂತಸಾಗರದ ಹವಳ ಪ್ರದೇಶಗಳಲ್ಲಿ, ಬಂಡೆಗಳ ನಡುವಿನ ಉಸುಕಿನ ಬಯಲಿನಲ್ಲಿ ಇದರ ವಾಸ. ಬೆಳೆದರೆ ಗೇಣುದ್ದ. ಬಿಳಿಯ ಮೈ, ಅದರ ಮೇಲೆ ಕಿತ್ತಳೆಯ ಚುಕ್ಕೆಗಳು. ಬೇರೆ ಜಾತಿಗಳಲ್ಲಿ ಹಳದಿಯ ತಲೆ, ಕೆನ್ನೆಯ ಮೇಲೆ ನೀಲಿಯ ಬೊಟ್ಟು. ಆದರೆ ಜನ ಮರುಳಾಗುವುದು ಬಣ್ಣಕ್ಕಲ್ಲ, ಅದರ ಕೆಲಸಕ್ಕೆ. ತಲೆ ಬಗ್ಗಿಸಿ ಬಾಯಿ ತುಂಬ ಉಸುಕು ಹಿಡಿಯುತ್ತದೆ. ಒಂದಿಷ್ಟು ಮೇಲೆದ್ದು ದವಡೆ ಅಲ್ಲಾಡಿಸುತ್ತದೆ. ಎರಡೂ ಕಿವಿರುಗಳ ಸಂದಿನಿಂದ ಉಸುಕನ್ನು ಸಣ್ಣಗೆ ಸುರಿಸುತ್ತದೆ. ಕಿವಿರಿನ ಒಳಮಗ್ಗುಲಿಗೆ ಹಣಿಗೆಯ ಹಲ್ಲಿನಂಥ ಎಳೆಗಳಿವೆ. ತಿನ್ನತಕ್ಕದ್ದು ಅಲ್ಲಿ ಉಳಿಯುತ್ತದೆ, ಉಳಿದದ್ದು ಹೊರಗೆ ಬೀಳುತ್ತದೆ. ಕಣದಲ್ಲಿ ಮೊರ ಹಿಡಿದು ಕೇರುವ ಹೆಣ್ಣುಮಗಳ ಕೈಯಷ್ಟೇ ನುರಿತ ಬಾಯಿ ಅದು. ಬೆಳಗಿನಿಂದ ಬೈಗಿನವರೆಗೆ ಇದೇ ಕಾಯಕ.

ನಾನು ಈ ಮೀನನ್ನು ತಂದದ್ದು ಒಂದು ದುರಾಸೆಯಿಂದ. ತೊಟ್ಟಿಯ ತಳದ ಉಸುಕಿನ ಮೇಲೆ ಕಂದುಬಣ್ಣದ ಪಾಚಿ ಕಟ್ಟುತ್ತಿತ್ತು. ಈ ಮೀನು ಬಿಟ್ಟರೆ ತಳವನ್ನು ಅದೇ ಗುಡಿಸಿಕೊಳ್ಳುತ್ತದೆ, ನಿಮಗೆ ಕೆಲಸವಿಲ್ಲ ಎಂದು ದೂರದ ಊರಿನ ಅಂಗಡಿಯವರೊಬ್ಬರು ಹೇಳಿದರು. ಅವರು ಹೇಳಿದ್ದು ಸುಳ್ಳಲ್ಲ. ಮೂರೇ ದಿನದಲ್ಲಿ ತಳವೆಲ್ಲ ಸಕ್ಕರೆ ಹರವಿದಂತೆ ಬೆಳ್ಳಗಾಯಿತು. ಬಂದವರಿಗೆಲ್ಲ ತೋರಿಸಿದೆ. ಸಂಬಳವಿಲ್ಲದ ಆಳು ಸಿಕ್ಕಿತೆಂದು ಮನೆಯಲ್ಲಿ ನಗೆಯಾಡಿದೆವು.

ಒಂದೂವರೆ ತಿಂಗಳಾದ ಮೇಲೆ ಮೀನಿನ ಹೊಟ್ಟೆ ಒಳಕ್ಕೆ ಎಳೆದಂತೆ ಕಂಡಿತು. ತಲೆಯ ಹಿಂದಿನ ಮೈಕಟ್ಟು ಇಳಿದು ತಲೆಯೇ ದೊಡ್ಡದಾಗಿ ತೋರುತ್ತಿತ್ತು. ನನಗೆ ಗಾಬರಿಯಾಗಲಿಲ್ಲ, ಏಕೆಂದರೆ ಅದು ದಿನವೆಲ್ಲ ತಿನ್ನುತ್ತಿತ್ತಲ್ಲ! ಬಾಯಿಗೆ ಬಿಡುವೇ ಇರಲಿಲ್ಲ. ಉಳಿದ ಮೀನುಗಳಿಗೆ ಹಾಕುತ್ತಿದ್ದ ಕಾಳಿನಲ್ಲಿ ಅದಕ್ಕೂ ಪಾಲು ಸಿಗುತ್ತದೆಂದು ತಿಳಿದಿದ್ದೆ. ಕಾಳು ನೀರಿನ ಮೇಲೆ ತೇಲುತ್ತಿರುವಾಗಲೇ ಬೇರೆಯವು ಮುಗಿಸಿಬಿಡುತ್ತಿದ್ದವು, ತಳಕ್ಕೆ ಒಂದೂ ಇಳಿಯುತ್ತಿರಲಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೂರನೆಯ ತಿಂಗಳಲ್ಲಿ ಒಂದು ಬೆಳಗ್ಗೆ ಅದು ತನ್ನ ಬಿಲದ ಬಾಯಲ್ಲಿ ಸತ್ತು ಬಿದ್ದಿತ್ತು. ಕೈಗೆತ್ತಿಕೊಂಡರೆ ಹಾಳೆಯಷ್ಟು ಹಗುರ.

ತಪ್ಪು ಯಾರದೆಂದು ಹುಡುಕಿ ಹೋಗಬೇಕಾಗಿರಲಿಲ್ಲ. ಈ ಮೀನು ಉಸುಕು ತಿನ್ನುವುದಿಲ್ಲ, ಉಸುಕಿನಲ್ಲಿರುವುದನ್ನು ತಿನ್ನುತ್ತದೆ. ಹವಳದ ನೆರೆಯ ಉಸುಕೆಂದರೆ ಬರಿಯ ಕಣಗಳಲ್ಲ. ಕಣಕಣದ ನಡುವೆ ಕಣ್ಣಿಗೆ ಕಾಣುವುದೋ ಇಲ್ಲವೋ ಎಂಬಂಥ ಸಿಗಡಿಯ ಕುಲದ ಜೀವಿಗಳು, ಹುಳುಗಳು, ಮರಿ ಬಸವನಹುಳುಗಳು ತುಂಬಿರುತ್ತವೆ. ಕಡಲಲ್ಲಿ ಒಂದು ಜೊತೆ ಮೀನಿಗೆ ಮೇಯಲು ವಿಶಾಲವಾದ ಬಯಲಿರುತ್ತದೆ. ಒಂದು ಕಡೆ ಮೇದು ಮುಗಿಸಿ ಮುಂದೆ ಹೋಗುವಷ್ಟರಲ್ಲಿ ಹಿಂದಿನದು ಮತ್ತೆ ಚಿಗುರಿರುತ್ತದೆ. ನನ್ನ ತೊಟ್ಟಿಯ ತಳವೋ ನಾಲ್ಕು ಅಡಿಗೆ ಒಂದೂವರೆ ಅಡಿ. ಅಂಗಳದಷ್ಟು ಹೊಲದಲ್ಲಿ ಎತ್ತು ಬಿಟ್ಟಂತೆ ಆಯಿತು. ನಾವು ಮೆಚ್ಚಿ ನೋಡಿದ ಆ ಸಕ್ಕರೆಯ ಬಿಳುಪು ಮೇದು ಮುಗಿಸಿದ ಹೊಲದ ಬಿಳುಪಾಗಿತ್ತು.

ಆದ್ದರಿಂದ ಈ ಮೀನನ್ನು ಸಾಕಬೇಕೆನ್ನುವವರಿಗೆ ನನ್ನ ಮೊದಲ ಮಾತು: ಮೀನು ತರುವ ಮೊದಲು ಉಸುಕನ್ನು ಸಾಕಿರಿ. ನೀರು ತುಂಬಿದ ಮೇಲೆ ಮೀನಿನ ಹೊಲಸಿನಿಂದಾಗುವ ಅಮೋನಿಯವನ್ನು ಅರಗಿಸುವ ಸೂಕ್ಷ್ಮಾಣುಗಳು ನೆಲೆಗೊಳ್ಳಲು ನಾಲ್ಕಾರು ವಾರ ಬೇಕು. ಉಸುಕಿನಲ್ಲಿ ಜೀವಿಗಳು ತುಂಬಿಕೊಳ್ಳಲು ಅದು ಸಾಲದು. ಆರು ತಿಂಗಳಾದರೂ ಬೇಕು, ವರ್ಷವಾದರೆ ಲೇಸು. ಹಳೆಯ ತೊಟ್ಟಿಯಿದ್ದ ಗೆಳೆಯರಿಂದ ಒಂದು ಬಟ್ಟಲು ಉಸುಕು ಕಡ ತಂದು ಹಾಕಿದರೆ, ಮೊಸರಿಗೆ ಹೆಪ್ಪು ಹಾಕಿದಂತೆ ಕೆಲಸ ಬೇಗ ಸಾಗುತ್ತದೆ. ಉಸುಕು ನಯವಾಗಿರಬೇಕು, ಎರಡು ಅಂಗುಲದಷ್ಟು ದಪ್ಪವಿರಬೇಕು. ಕಟ್ಟಡಕ್ಕೆ ತಂದು ಉಳಿದ ದಪ್ಪ ಉಸುಕನ್ನು ತೊಳೆದು ಹಾಕುವ ಆಸೆ ನಮ್ಮ ಕಡೆ ಸಹಜ. ಅದರ ಚೂಪು ಹರಳುಗಳು ಈ ಮೀನಿನ ಬಾಯಿಗೂ ಕಿವಿರಿಗೂ ತಕ್ಕವಲ್ಲ.

ಕಲ್ಲುಗಳನ್ನು ಉಸುಕಿನ ಮೇಲೆ ಇಡಬಾರದು. ಮೊದಲು ಗಾಜಿನ ತಳದ ಮೇಲೆ ಕಲ್ಲು, ಆಮೇಲೆ ಸುತ್ತಲೂ ಉಸುಕು. ಈ ಮೀನು ಬಿಲ ತೋಡುವ ಪ್ರಾಣಿ. ಕಲ್ಲಿನ ಬುಡವನ್ನು ರಾತ್ರೋರಾತ್ರಿ ಬರಿದುಮಾಡಿ ತನ್ನ ಮೇಲೆಯೇ ಕೆಡವಿಕೊಳ್ಳುತ್ತದೆ. ಹವಳವೆಂದು ಕಡಲಿನಿಂದ ಏನನ್ನೂ ಕಿತ್ತು ತರಬೇಡಿ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ನಮ್ಮ ರಾಜ್ಯಕ್ಕೂ ಹವಳದ ಸಿರಿಯಿದೆ. ದಿಬ್ಬ ಕಟ್ಟುವ ಹವಳಗಳೆಲ್ಲ ೨೦೦೧ರಿಂದ ಹುಲಿಯ ಸಾಲಿನಲ್ಲೇ, ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲಿ ಸೇರಿವೆ. ನನ್ನ ತೊಟ್ಟಿಯಲ್ಲಿರುವುದು ಸಿಮೆಂಟಿನಿಂದ ಎರಕ ಹೊಯ್ದ ಬಂಡೆ. ಎರಡು ವರ್ಷದಲ್ಲಿ ಅದರ ಮೇಲೆ ನಸುಗೆಂಪು ಪೊರೆ ಕಟ್ಟಿ, ಮನುಷ್ಯ ಮಾಡಿದ್ದೆಂದು ಹೇಳಿದರೂ ಯಾರೂ ನಂಬದಂತಾಗಿದೆ.

ಇನ್ನು ನೀರು. ಕಡಲಿನ ನೀರನ್ನೇ ಹೊತ್ತು ತರುತ್ತೇನೆಂದು ಹೊರಡುವವರುಂಟು. ಮಳೆಗಾಲದಲ್ಲಿ ಅಘನಾಶಿನಿಯಂಥ ಹೊಳೆಗಳು ಸೇರುವ ಕಡೆ ಆ ನೀರು ಉಪ್ಪೂ ಅಲ್ಲ, ಸಿಹಿಯೂ ಅಲ್ಲ. ಮನೆಯಲ್ಲಿ ಕಲಸಿಕೊಳ್ಳುವುದೇ ಮೇಲು. ಲೀಟರಿಗೆ ೩೫ ಗ್ರಾಂ ಉಪ್ಪು; ೨೩೦ ಲೀಟರು ಹಿಡಿಯುವ ನನ್ನ ತೊಟ್ಟಿಗೆ ಎಂಟು ಕಿಲೋ ಬೇಕಾಯಿತು. ಅಡಿಗೆಯ ಉಪ್ಪಲ್ಲ, ಸುಣ್ಣ, ಮೆಗ್ನೀಸಿಯಂ ಮೊದಲಾದುವು ಕೂಡಿದ ಮತ್ಸ್ಯಾಲಯದ ಉಪ್ಪು. ನಮ್ಮ ಕೊಳವೆಬಾವಿಯ ಗಡಸು ನೀರು ಇದಕ್ಕೆ ಆಗದು. ಬೀದಿಯ ಮೂಲೆಯ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುತ್ತೇನೆ. ಏಪ್ರಿಲ್ ತಿಂಗಳಲ್ಲಿ ನೀರು ಬೇಗ ಆರುತ್ತದೆ. ಒಂದು ಬೆರಳಗಲ ಇಳಿದರೆ ಎಂಟು ಲೀಟರು ಹೋಯಿತೆಂದೇ ಲೆಕ್ಕ. ಆರುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಹಾಗಾಗಿ ಮೇಲೆ ತುಂಬಬೇಕಾದದ್ದು ಸಿಹಿನೀರು. ಹೊಸಬರು ಇಲ್ಲಿ ಎಡವಿ, ಉಪ್ಪುನೀರನ್ನೇ ತುಂಬುತ್ತ ಹೋಗಿ, ತೊಟ್ಟಿಯನ್ನು ಉಪ್ಪಿನಕಾಯಿಯ ಭರಣಿ ಮಾಡುತ್ತಾರೆ. ಮೇಲೆ ಸಣ್ಣ ಕಣ್ಣಿನ ಬಲೆ ಮುಚ್ಚಿರಬೇಕು. ಬೆದರಿದರೆ ಈ ಮೀನು ನೆಗೆದು ನೆಲಕ್ಕೆ ಬೀಳುತ್ತದೆ.

ಬ್ಯಾಡಗಿಯ ಗೆಳೆಯರೊಬ್ಬರ ಮನೆ ಮೆಣಸಿನಕಾಯಿ ಪೇಟೆಗೆ ಹತ್ತಿರ. ಸುಗ್ಗಿಯ ತಿಂಗಳುಗಳಲ್ಲಿ ಅವರ ಮನೆಗೆ ಹೋದರೆ ಮಾತಿಗಿಂತ ಸೀನು ಮೊದಲು ಬರುತ್ತದೆ. ಗಾಳಿ ಊದುವ ಯಂತ್ರ ಕೋಣೆಯಲ್ಲಿದ್ದ ಗಾಳಿಯನ್ನೇ ನೀರಿಗೆ ತುಂಬುತ್ತದಷ್ಟೆ. ಹೊಗೆ, ಸೊಳ್ಳೆಯ ಔಷಧ, ಘಾಟು ಯಾವುದನ್ನೂ ಅದು ಆರಿಸಿ ಬಿಡುವುದಿಲ್ಲ. ಅವರು ಯಂತ್ರವನ್ನು ಹಿತ್ತಿಲ ಕೋಣೆಗೆ ಸಾಗಿಸಿ ಉದ್ದನೆಯ ಕೊಳವೆ ಎಳೆದಿದ್ದಾರೆ. ವಿದ್ಯುತ್ತು ಹೋದಾಗ ನಡೆಯಲೆಂದು ಬ್ಯಾಟರಿಯದೊಂದನ್ನು ಪಕ್ಕದಲ್ಲಿಟ್ಟಿದ್ದಾರೆ. ಇದು ಎಲ್ಲ ಊರಿಗೂ ಬೇಕಾದದ್ದೇ.

ಉಣಿಸುವ ಮಾತು ಉಳಿಯಿತು. ಉಸುಕು ಎಷ್ಟೇ ಹಳೆಯದಾಗಲಿ, ನಾಲ್ಕು ಅಡಿಯ ತೊಟ್ಟಿ ಒಂದು ಮೀನಿಗೂ ಸಾಲದು. ನಾವು ಕೈಯಾರೆ ಉಣಿಸಲೇಬೇಕು. ಹಾವೇರಿಯ ಕಿರಿಯ ಮಿತ್ರರೊಬ್ಬರು ಹೆಗ್ಗೇರಿ ಕೆರೆಯಿಂದ ನೀರುಚಿಗಟಗಳನ್ನು ಬಟ್ಟೆಯಲ್ಲಿ ಸೋಸಿ ತಂದು ಹಾಕಿದರು. ಸಿಹಿನೀರಿನ ಜೀವಗಳು ಉಪ್ಪಿಗೆ ಬಿದ್ದೊಡನೆ ಸತ್ತು ನೀರು ಕೆಡಿಸಿದುವು. ನಾನು ಮಾಡುವುದು ಇಷ್ಟು: ಕರಾವಳಿಯಿಂದ ಮಂಜುಗಡ್ಡೆಯಲ್ಲಿ ಬರುವ ಸಿಗಡಿಯನ್ನು ಸುಲಿದು, ರವೆಯಷ್ಟು ಸಣ್ಣಗೆ ಕೊಚ್ಚಿ, ಬಿಲ್ಲೆಗಳಾಗಿ ಹೆಪ್ಪುಗಟ್ಟಿಸಿಡುತ್ತೇನೆ. ಉಣಿಸುವಾಗ ಗಾಜಿನ ನಳಿಗೆಯಿಂದ ನೇರವಾಗಿ ಉಸುಕಿನ ಮೇಲೆ ಬಿಡುತ್ತೇನೆ. ದಿನಕ್ಕೆ ಮೂರು ಹೊತ್ತು, ಪ್ರತಿ ಹೊತ್ತಿಗೂ ಚಿಟಿಕೆಯಷ್ಟು. ಆರ್ಟೀಮಿಯ ಎಂಬ ಉಪ್ಪುನೀರಿನ ಸಿಗಡಿಹುಳದ ತತ್ತಿಗಳು ಡಬ್ಬಿಯಲ್ಲಿ ಸಿಗುತ್ತವೆ. ಉಪ್ಪುನೀರಿಗೆ ಹಾಕಿ ಗಾಳಿ ಊದಿಸಿದರೆ ಒಂದು ದಿನಕ್ಕೆ ಮರಿಯಾಗುತ್ತವೆ. ವಾರಕ್ಕೊಮ್ಮೆ ಮೀನನ್ನು ಮೇಲಿನಿಂದ ನೋಡಿರಿ, ಪಕ್ಕದಿಂದಲ್ಲ. ತಲೆಯ ಹಿಂದೆ ಮೈ ಕಿರಿದಾಗುತ್ತ ಬಂದಿದ್ದರೆ ಅದು ಹಸಿದಿದೆಯೆಂದೇ ತಿಳಿಯಿರಿ, ಬಾಯಿ ಎಷ್ಟೇ ಆಡುತ್ತಿರಲಿ.

ಹೀಗೆ ಸಾಕಿದ ಎರಡನೆಯ ಮೀನು ನನ್ನಲ್ಲಿ ನಾಲ್ಕು ವರ್ಷ ಬಾಳಿತು. ಮೂರನೆಯದನ್ನು ನಾನು ತರಲಿಲ್ಲ. ಅಂಗಡಿಗೆ ಬರುವ ಈ ಮೀನುಗಳಲ್ಲಿ ಹೆಚ್ಚಿನವು ಕಡಲಿನಿಂದ ಹಿಡಿದು ತಂದವು. ಮೂರು ಹೊತ್ತು ಮನೆಯಲ್ಲಿರಲಾಗದವನು ಅದನ್ನು ತರುವುದು ಸರಿಯಲ್ಲವೆಂದು ನನಗೆ ಅನ್ನಿಸಿತು. ನನಗೋ ಈಗ ಮಗಳ ಊರಿಗೆ ಹೋಗಿಬರುವ ತಿರುಗಾಟ ಹೆಚ್ಚಾಗಿದೆ.

ಆದರೆ ಉಸುಕು ಸೋಸುವುದನ್ನು ನೋಡುವ ಚಟ ಬಿಡಲಿಲ್ಲ. ಅದಕ್ಕೆ ಕಡಲಿಗೇ ಹೋಗಬೇಕಾಗಿಯೂ ಇಲ್ಲ. ಚೌಡದಾನಪುರದ ಮುಕ್ತೇಶ್ವರನ ಗುಡಿಯ ಕೆಳಗೆ, ಬೇಸಗೆಯಲ್ಲಿ ತುಂಗಭದ್ರೆ ಮೊಣಕಾಲುದ್ದ ಹರಿಯುವ ಕಡೆ ನಿಂತು ನೋಡಿರಿ. ಬೆರಳುದ್ದದ ಮೀನೊಂದು ಉಸುಕನ್ನು ಬಾಯಿಗೆ ತೆಗೆದುಕೊಂಡು ಕಿವಿರಿನಿಂದ ಬಿಡುತ್ತಿರುತ್ತದೆ. ನೆರಳು ಬಿದ್ದೊಡನೆ ಉಸುಕಿನೊಳಗೆ ಹೊಕ್ಕುಬಿಡುತ್ತದೆ. ಗೋಬಿಯ ಕುಲದ್ದಲ್ಲ ಇದು, ಮೀಸೆಯುಳ್ಳ ಬೇರೊಂದು ಕುಲ. ಕಣ್ಣಿನ ಕೆಳಗೆ ಮಡಿಸಿಟ್ಟ ಮುಳ್ಳೊಂದು ಇದಕ್ಕಿದೆ. ಇದಕ್ಕೆ ಶಾಸ್ತ್ರದ ಹೆಸರು ಕೊಟ್ಟವನು ಫ್ರೆಂಚ್ ವಿದ್ವಾಂಸ ವ್ಯಾಲೆನ್ಸಿಯೆನ್, ೧೮೪೬ರಲ್ಲಿ. ಸಿಂಹಳದ ಬಿಸಿನೀರಿನ ಬುಗ್ಗೆಯಲ್ಲಿ ದೊರೆತದ್ದರಿಂದ ಥರ್ಮಾಲಿಸ್ ಎಂದ. ಕಡಲಿನ ಉಸುಕು ಸೋಸುವ ಮೀನಿನ ಗಣಕ್ಕೆ ವ್ಯಾಲೆನ್ಸಿಯೆನ್ನಿಯ ಎಂದು ಇಟ್ಟಿರುವುದೂ ಇದೇ ಪುಣ್ಯಾತ್ಮನ ಹೆಸರನ್ನು. ಎರಡು ನೀರಿನ ಎರಡು ಮೀನು, ಒಂದೇ ಕಸಬು, ಒಬ್ಬನೇ ವಿದ್ವಾಂಸನ ನಂಟು.

ಗಳಗನಾಥದಲ್ಲಿ ವರದೆ ಕೂಡುವವರೆಗೂ ಈ ದಂಡೆಯ ಹಾದಿ ನನಗೆ ಪರಿಚಯ. ಉಸುಕು ಬಾಚಿ ಒಯ್ದ ಕಡೆ ತಳ ಗಟ್ಟಿಮಣ್ಣಾಗಿದೆ, ಇಲ್ಲವೆ ಆಳವಾದ ಗುಂಡಿ. ಅಲ್ಲಿ ನಿಂತು ಎಷ್ಟು ಹೊತ್ತು ನೋಡಿದರೂ ಈ ಮೀನು ಕಾಣಿಸದು. ನನ್ನ ತೊಟ್ಟಿಯಲ್ಲಿ ಮೂರು ತಿಂಗಳಿಗೆ ನಡೆದದ್ದು ನನಗೆ ಅಲ್ಲಿ ನೆನಪಾಗುತ್ತದೆ. ತೊಟ್ಟಿಗಾದರೆ ನಳಿಗೆಯಿಂದ ಸಿಗಡಿ ಬಿಡಬಹುದಾಗಿತ್ತು.

ಉಸುಕು ಉಳಿದ ಒಂದು ಮಡುವಿನಿಂದ ಕಳೆದ ಮಾಘದಲ್ಲಿ ಮೂರು ಮೀನು ತಂದಿದ್ದೇನೆ. ಪಡಸಾಲೆಯ ಇನ್ನೊಂದು ಮೂಲೆಯ ಸಣ್ಣ ತೊಟ್ಟಿಯಲ್ಲಿ, ಅದೇ ಮಡುವಿನ ನಯವಾದ ಉಸುಕಿನಲ್ಲಿ ಅವು ಇವೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊರಬರುತ್ತವೆ. ಮೊಮ್ಮಗ ಗಾಜಿಗೆ ಮೂಗು ಒತ್ತಿ ಎಣಿಸುತ್ತಾನೆ. ಮೂರನೆಯದು ಸಿಗುವುದು ಯಾವಾಗಲೂ ತಡ, ಉಸುಕಿನಿಂದ ಅದರ ಎರಡು ಕಣ್ಣು ಮಾತ್ರ ಮೇಲಿರುತ್ತವೆ.