ಪಳಗಿದ ಹಿತ್ತಾಳೆ



ಕನ್ನಡದಲ್ಲಿ ‘ಪಳಗು’ ಎಂಬುದೊಂದು ಸೊಗಸಾದ ಧಾತು. ಆನೆ ಪಳಗುತ್ತದೆ, ಬರೆಯುವ ಕೈ ಪಳಗುತ್ತದೆ, ದೋಸೆಯ ಕಾವಲಿಯೂ ಪಳಗುತ್ತದೆ. ಹೊಸ ಕಾವಲಿಯಿಂದ ಮೊದಲ ದೋಸೆ ಸುಲಭವಾಗಿ ಏಳದು. ಕೋವಿಯ ತೋಟಾದ ಹಿತ್ತಾಳೆಗೂ ಈ ಮಾತು ಸಲ್ಲುವುದೆ? ಅಮೆರಿಕದ ಗುರಿಕಾರರಲ್ಲಿ ಇದು ಬಹುಕಾಲದ ಚರ್ಚೆ. ಅಲ್ಲಿ ನೆಲೆಸಿರುವ, ಈ ಹವ್ಯಾಸವುಳ್ಳ ನನ್ನ ಹಳೆಯ ಶಿಷ್ಯರೊಬ್ಬರ ಪತ್ರಗಳಿಂದ ನನಗೂ ಇದರಲ್ಲಿ ಆಸಕ್ತಿ ಹುಟ್ಟಿತು.

ಗುಂಡು ಹಾರಿದ ಮೇಲೆ ಹಿಂದೆ ಉಳಿಯುವುದು ಹಿತ್ತಾಳೆಯ ಕೋಶ. ಅದರಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಅದನ್ನು ಶುಚಿಗೊಳಿಸಿ, ಹೊಸ ಕೇಪು ಕೂರಿಸಿ, ಮದ್ದನ್ನು ತೂಗಿ ತುಂಬಿ, ಬಾಯಿಗೆ ಗುಂಡನ್ನಿಟ್ಟರೆ ತೋಟಾ ಮತ್ತೆ ಸಿದ್ಧ. ಹೀಗೆ ಕೈಯಾರೆ ತುಂಬಿದ ತೋಟಾಗಳು ಒಂದೇ ಬಿಂದುವಿನ ಸುತ್ತ ಬೀಳಬೇಕೆಂಬುದು ಅವರ ಸಾಧನೆಯ ಗುರಿ.

ಕಾರ್ಖಾನೆಯ ಹೊಸ ಕೋಶ ಅದೇ ಜಾತಿಯ ಯಾವ ಕೋವಿಗಾದರೂ ಹೊಂದಬೇಕು. ಆದುದರಿಂದ ಅದನ್ನು ತುಸು ಕಿರಿದಾಗಿಯೇ ಮಾಡಿರುತ್ತಾರೆ. ಮದ್ದು ಉರಿದಾಗ ಅದು ಹಿಗ್ಗಿ, ತಾನು ಕುಳಿತ ಗೂಡಿನ ಗೋಡೆಯನ್ನು ಅಪ್ಪಿ, ಮರುಕ್ಷಣ ಸ್ವಲ್ಪವೇ ಕುಗ್ಗುತ್ತದೆ. ಮೊದಲಿನ ಅಳತೆಗೆ ಮಾತ್ರ ಮರಳುವುದಿಲ್ಲ. ಆ ಕೋವಿಯ ಅಚ್ಚು ಅದರ ಮೈಮೇಲೆ ಉಳಿಯುತ್ತದೆ. ಮುಂದಿನ ಸಲ ಗುಂಡು ನಳಿಗೆಯ ನೇರಕ್ಕೆ ನಿಲ್ಲಲು ಇದು ಸಹಾಯಕ. 1975ರಲ್ಲಿ ಲೂಯಿ ಪಾಲ್ಮಿಸಾನೊ ಮತ್ತು ಫೆರಿಸ್ ಪಿಂಡೆಲ್ ರೂಪಿಸಿದ 6 ಮಿಲಿಮೀಟರಿನ ಪಿ.ಪಿ.ಸಿ. ತೋಟಾ ಇದಕ್ಕೆ ಒಳ್ಳೆಯ ನಿದರ್ಶನ. ಸ್ಪರ್ಧಿಗಳು ಸಾಮಾನ್ಯವಾಗಿ ‘.220 ರಷ್ಯನ್’ ಎಂಬ ಬೇರೊಂದು ತೋಟಾದ ಕೋಶವನ್ನು ತೆಗೆದುಕೊಂಡು, ಅದರ ಬಾಯನ್ನು ಹಿಗ್ಗಿಸಿ, ಒಮ್ಮೆ ಹಾರಿಸುತ್ತಾರೆ. ಬೆಂಕಿಯನ್ನು ಕಂಡ ಮೇಲೆಯೇ ಅದಕ್ಕೆ ತನ್ನ ನಿಜವಾದ ರೂಪ.

ನಿವೃತ್ತನಾದ ನನ್ನಂಥವನಿಗೆ ಇದು ಹಿತವಾದ ಮಾತು. ಅನುಭವಿಯೇ ಶ್ರೇಷ್ಠನೆಂದು ಹೇಳಿ ಭಾಷಣವನ್ನು ಮುಗಿಸಬಹುದಿತ್ತು. ಆದರೆ ಹಿತ್ತಾಳೆ ಅದಕ್ಕೆ ಒಪ್ಪುವುದಿಲ್ಲ. ಪಳಗಿದ ಕೋಶ ತನ್ನನ್ನು ಪಳಗಿಸಿದ ಕೋವಿಗೆ ಮಾತ್ರ ಆಪ್ತ; ಇನ್ನೊಂದು ಕೋವಿಯಲ್ಲಿ ಅದು ಕೂರದೆಯೇ ಹೋಗಬಹುದು. ಹಿತ್ತಾಳೆ ಬಡಿದಂತೆ ಗಡಸಾಗುತ್ತದೆ, ಕಾಯಿಸಿದರೆ ಮೆದುವಾಗುತ್ತದೆ ಎಂಬುದನ್ನು ನಮ್ಮ ಕಂಚುಗಾರರೂ ಬಲ್ಲರು. ಹಿಗ್ಗಿ ಕುಗ್ಗಿದ ಕೋಶದ ಕತ್ತು ಸಹ ಹಾಗೆಯೇ ಗಡಸಾಗಿ, ಗುಂಡನ್ನು ಒಂದೇ ಸಮನೆ ಹಿಡಿಯಲಾರದೆ, ಕೊನೆಗೆ ಸೀಳುತ್ತದೆ. ಅದಕ್ಕೇ ಬಲ್ಲವರು ಕತ್ತನ್ನು ಹದವಾಗಿ ಕಾಯಿಸಿ ಮೆದುಗೊಳಿಸುತ್ತಾರೆ.

ಇನ್ನೂ ಮುಖ್ಯವಾದ ಸಂಗತಿಯೊಂದುಂಟು. ಕೋಶದ ಒಳಜಾಗ ಹೆಚ್ಚಿದರೆ ಅಷ್ಟೇ ಮದ್ದಿನ ಒತ್ತಡ ತಗ್ಗುತ್ತದೆ; ಕಡಮೆಯಾದರೆ ಏರುತ್ತದೆ. ಕತ್ತಿನ ಹಿಡಿತ ಬದಲಾದರೆ ಗುಂಡಿನ ವೇಗವೂ ಬದಲಾಗಬಹುದು. ಆದುದರಿಂದ ಒಂದರಲ್ಲಿ ಕಂಡುಕೊಂಡ ಪಾಕ ಇನ್ನೊಂದಕ್ಕೆ ತಾನಾಗಿ ಸಲ್ಲದು. ಕೋಶ ಬದಲಾದಾಗ ಮದ್ದಿನ ಅಳತೆಯನ್ನು ತಗ್ಗಿಸಿ, ಮತ್ತೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಇಲ್ಲಿ ಉದಾಸೀನ ಮಾಡಿದರೆ ಗುರಿ ತಪ್ಪುವುದಷ್ಟೇ ಅಲ್ಲ, ಕೈಯೋ ಕಣ್ಣೋ ಹೋದೀತು.

ಹಾಗಾದರೆ ಯಾವುದು ಮೇಲು? ಹೊಸತರಿಂದ ಮೂರು, ಹಳತರಿಂದ ಮೂರು ಗುಂಡು ಹಾರಿಸಿ ತೀರ್ಪು ಕೊಡುವವರು ಹಲವರು. ಮೂರು ಗುಂಡು ಒತ್ತಾಗಿ ಬೀಳುವುದು ಆಕಸ್ಮಿಕವೂ ಆಗಬಹುದಲ್ಲವೆ? ಒಂದೇ ತಯಾರಿಕೆಯ ಕೋಶಗಳನ್ನು ತೆಗೆದುಕೊಂಡು, ಹೊಸತನ್ನೂ ಹಳತನ್ನೂ ಬೆರಸದೆ, ಒಂದೇ ದಿನ ಸರದಿಯಂತೆ ಹತ್ತಾರು ಗುಂಡು ಹಾರಿಸಿದರೆ ಮಾತ್ರ ಹೋಲಿಕೆಗೆ ಅರ್ಥವುಂಟು. ಹಾಗೆ ನೋಡಿದಾಗ, ಉತ್ತಮ ತಯಾರಕರ ಹೊಸ ಕೋಶ ಹಳೆಯದಕ್ಕೆ ಸರಿಸಮನಾಗಿ ನಿಲ್ಲುವುದೂ ಉಂಟು. ಹಳತರ ನಿಜವಾದ ಗುಣ ಅದರ ವಯಸ್ಸಲ್ಲ, ಒಂದರಂತೆ ಇನ್ನೊಂದು ಇರುವ ಸಮತೆ.

ಹೊಸತೋ ಹಳತೋ ಎಂಬ ವಾದ ನಮ್ಮ ಸಾಹಿತ್ಯದಲ್ಲಿಯೂ ನಡೆದೇ ಇದೆ. ಅಲ್ಲಿಯೂ ಪಕ್ಷ ಹಿಡಿಯುವ ಮೊದಲು ಸರಿಯಾಗಿ ತೂಗಿ ನೋಡುವ ತಾಳ್ಮೆ ನಮಗಿರಲಿ.