ನಿಷ್ಠೆಯೋ ಸೆರೆಯೋ? ಡೆಬಿಯನ್ ಬಳಕೆದಾರರಿಂದ ಕಲಿಯುವ ಪಾಠ

(ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಒಬ್ಬ ಗಿರಾಕಿ ಇಪ್ಪತ್ತು ವರ್ಷ ಒಂದೇ ಅಂಗಡಿಗೆ ಬರುತ್ತಾನೆಂದರೆ ಅದಕ್ಕೆ ಎರಡು ಕಾರಣಗಳಿರಬಹುದು. ಆ ಅಂಗಡಿಯ ತೂಕ ಸರಿಯಾಗಿದೆ, ಮಾಲು ಕೆಟ್ಟಿದ್ದರೆ ಅಂಗಡಿಯವನು ಮುಚ್ಚಿಡದೆ ಹೇಳುತ್ತಾನೆ ಎಂಬ ನಂಬಿಕೆ ಒಂದು. ಹಳೆಯ ಬಾಕಿ ತೀರಿಲ್ಲ, ಬೇರೆ ಅಂಗಡಿಯ ಮೆಟ್ಟಿಲು ಹತ್ತುವ ಹಾಗಿಲ್ಲ ಎಂಬ ಕಟ್ಟು ಇನ್ನೊಂದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಆದರೆ ಮೊದಲನೆಯದು ನಿಷ್ಠೆ, ಎರಡನೆಯದು ಸೆರೆ. ಕಂಪ್ಯೂಟರಿನ ವಿಷಯದಲ್ಲಿಯೂ ಈ ಭೇದವನ್ನು ನಾವು ಮರೆಯಬಾರದು.

ಪ್ರತಿಯೊಂದು ಕಂಪ್ಯೂಟರಿನೊಳಗೂ ಆಪರೇಟಿಂಗ್ ಸಿಸ್ಟಂ ಎಂಬ ಮೂಲ ತಂತ್ರಾಂಶವಿರುತ್ತದೆ. ಗಿರಣಿಯಲ್ಲಿ ಕೆಲಸ ಹಂಚುವ ಜಾಬರ್ ಇದ್ದ ಹಾಗೆ ಅದು. ಯಾವ ಕೆಲಸಕ್ಕೆ ಯಂತ್ರದ ಎಷ್ಟು ಶಕ್ತಿ, ಯಾವ ಲೆಕ್ಕ ಎಲ್ಲಿಡಬೇಕು, ಪ್ರಿಂಟರಿಗೆ ಯಾರ ಸರದಿ ಎಂಬುದನ್ನೆಲ್ಲ ಅದೇ ನಡೆಸುತ್ತದೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಇರುವುದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್. 2025ರ ಅಕ್ಟೋಬರ್ 14ರಂದು ಆ ಕಂಪನಿಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮುಂದಿನ ವಿಂಡೋಸ್ 11ಕ್ಕೆ ವಿಧಿಸಿರುವ ಷರತ್ತುಗಳನ್ನು ಅನೇಕ ಹಳೆಯ ಯಂತ್ರಗಳು ಪೂರೈಸಲಾರವು. ಚೆನ್ನಾಗಿ ನಡೆಯುತ್ತಿದ್ದ ಯಂತ್ರ ಹಳತಾಯಿತೆಂದು ತೀರ್ಮಾನಿಸಿದವರು ಯಾರು? ಅದರ ಮುಂದೆ ಕುಳಿತು ದುಡಿಯುವವನೂ ಅಲ್ಲ, ಹಣ ಕೊಟ್ಟು ಕೊಂಡವನೂ ಅಲ್ಲ.

ಇದಕ್ಕಿಂತ ಬೇರೆಯಾದ ಒಂದು ದಾರಿ ಡೆಬಿಯನ್. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಆರಂಭಿಸಿದ ಗ್ನು ಯೋಜನೆಯ ಮತ್ತು 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸಿನ ತಳಹದಿಯ ಮೇಲೆ ನಿಂತದ್ದು ಇದು. ಅಮೆರಿಕದ ವಿದ್ಯಾರ್ಥಿ ಇಯಾನ್ ಮರ್ಡಾಕ್ 1993ರ ಆಗಸ್ಟ್ 16ರಂದು ಇದನ್ನು ಸಾರಿದ. ತನ್ನ ಗೆಳತಿ ಡೆಬ್ರಾಳ ಹೆಸರಿನ ಜೊತೆಗೆ ತನ್ನ ಹೆಸರನ್ನೂ ಸೇರಿಸಿ ಡೆಬಿಯನ್ ಎಂದು ಕರೆದ. ಮರ್ಡಾಕ್ 2015ರಲ್ಲಿ ತೀರಿಕೊಂಡ. ಡೆಬಿಯನ್ ನಡೆದೇ ಇದೆ. ಇದಕ್ಕೆ ಮಾಲೀಕನಿಲ್ಲ. ಜಗತ್ತಿನಾದ್ಯಂತ ಹರಡಿರುವ ಸುಮಾರು ಒಂದು ಸಾವಿರ ಸದಸ್ಯರೂ ಅವರ ಜೊತೆಗಾರರೂ ಇದನ್ನು ಕಟ್ಟುತ್ತಾರೆ. ಯಾರು ಬೇಕಾದರೂ ಬಳಸಬಹುದು, ಒಳಗನ್ನು ಓದಬಹುದು, ತಿದ್ದಬಹುದು, ಹಂಚಬಹುದು.

ಪುಕ್ಕಟೆ ಸಿಗುತ್ತದೆಂದೇ ಜನ ಇದಕ್ಕೆ ಅಂಟಿಕೊಂಡಿದ್ದಾರೆಯೆ? ಪುಕ್ಕಟೆ ಸಿಗುವ ವಸ್ತುಗಳು ಬೇಕಾದಷ್ಟಿವೆ. ಅವನ್ನು ಜನ ಇಂದು ಹಿಡಿದು ನಾಳೆ ಬಿಡುತ್ತಾರೆ. ಡೆಬಿಯನ್ ಬಳಸುವವರು ಹತ್ತಿಪ್ಪತ್ತು ವರ್ಷ ಕೈಬಿಡದಿರುವುದಕ್ಕೆ ಕಾರಣ ಬೇರೆ ಇದೆ.

ಮೊದಲನೆಯದು, ಬರೆದುಕೊಟ್ಟ ಮಾತು. 1997ರಲ್ಲಿ ಡೆಬಿಯನ್ನಿನವರು ‘ಸಾಮಾಜಿಕ ಒಪ್ಪಂದ’ವೊಂದನ್ನು ಅಂಗೀಕರಿಸಿದರು. ಈ ವ್ಯವಸ್ಥೆ ಎಂದೆಂದಿಗೂ ಸ್ವತಂತ್ರವಾಗಿರುತ್ತದೆ, ಲೋಪದೋಷಗಳನ್ನು ಮುಚ್ಚಿಡುವುದಿಲ್ಲ, ಬಳಕೆದಾರರ ಹಿತ ಮತ್ತು ಸ್ವತಂತ್ರ ತಂತ್ರಾಂಶ, ಇವೇ ನಮಗೆ ಮೊದಲು ಎಂಬುದು ಅದರ ಸಾರ. ಕಂಪನಿಗಳು ಗಿರಾಕಿಯಿಂದ ಸಹಿ ಹಾಕಿಸಿಕೊಳ್ಳುತ್ತವೆ. ಇಲ್ಲಿ ತಯಾರಕರೇ ಬಳಕೆದಾರರಿಗೆ ಮಾತು ಕೊಟ್ಟರು.

ಎರಡನೆಯದು, ಆ ಮಾತಿಗೆ ಪರೀಕ್ಷೆ ಬಂದಾಗ ನಡೆದುಕೊಂಡ ರೀತಿ. 2006ರಲ್ಲಿ ಡೆಬಿಯನ್ನಿನ ಓಪನ್‌ಎಸ್‌ಎಸ್‌ಎಲ್ ಎಂಬ ಭಾಗದಲ್ಲಿ ಮಾಡಿದ ಒಂದು ತಿದ್ದುಪಡಿಯಿಂದ ದೊಡ್ಡ ಅನಾಹುತವಾಗಿತ್ತು. ಗುಟ್ಟನ್ನು ಕಾಯುವ ಬೀಗದ ಕೈಗಳನ್ನು ಅದು ತಯಾರಿಸುತ್ತಿತ್ತು. ಲೆಕ್ಕಕ್ಕೆ ಸಿಗದಷ್ಟು ಬಗೆಯ ಕೈಗಳು ಹುಟ್ಟಬೇಕಾದಲ್ಲಿ ಕೆಲವು ಹತ್ತು ಸಾವಿರ ಬಗೆಯವು ಮಾತ್ರ ಹುಟ್ಟತೊಡಗಿದವು. ಕಳ್ಳನು ಒಂದೊಂದಾಗಿ ಹಾಕಿ ನೋಡಬಹುದಾದಷ್ಟು! ಇದು ಬೆಳಕಿಗೆ ಬಂದಾಗ, 2008ರ ಮೇ 13ರಂದು ಡೆಬಿಯನ್ನಿನವರು ತಾವೇ ಜಗತ್ತಿಗೆ ಸಾರಿದರು: ತಪ್ಪು ನಮ್ಮದು, ಈ ಅವಧಿಯ ಕೈಗಳನ್ನೆಲ್ಲ ಬದಲಾಯಿಸಿಕೊಳ್ಳಿ. ಅವಮಾನವೇನೋ ಆಯಿತು. ಆದರೆ ದೋಷ ಒಪ್ಪಿಕೊಂಡ ಅಂಗಡಿಯನ್ನು ಗಿರಾಕಿ ಸುಲಭವಾಗಿ ಬಿಡುವುದಿಲ್ಲ. ಇಂದಿಗೂ ಅಲ್ಲಿಯ ಲೋಪಗಳ ಪಟ್ಟಿ ಎಲ್ಲರೂ ನೋಡುವಂತೆ ತೆರೆದೇ ಇದೆ. ಸಾಮಾನ್ಯ ಬಳಕೆದಾರನೂ ಅದಕ್ಕೆ ದೂರು ಸೇರಿಸಬಹುದು.

ಮೂರನೆಯದು, ಆಡಳಿತ. 1998ರಲ್ಲಿ ಇವರು ಒಂದು ಸಂವಿಧಾನ ಮಾಡಿಕೊಂಡರು. ವರ್ಷಕ್ಕೊಮ್ಮೆ ಸದಸ್ಯರು ಮತ ಹಾಕಿ ನಾಯಕನನ್ನು ಆರಿಸುತ್ತಾರೆ. ದೊಡ್ಡ ಪ್ರಶ್ನೆಗಳನ್ನು ಮತಕ್ಕೇ ಹಾಕುತ್ತಾರೆ. ಜಗಳಗಳಿಲ್ಲವೆಂದಲ್ಲ. 2014ರಲ್ಲಿ ಸಿಸ್ಟಂಡಿ ಎಂಬ ಭಾಗದ ವಿಷಯದಲ್ಲಿ ಘೋರ ವಾಗ್ವಾದವೇ ನಡೆಯಿತು. ಒಪ್ಪದ ಕೆಲವರು ಇಡೀ ಸಾಮಗ್ರಿಯನ್ನೇ ತೆಗೆದುಕೊಂಡು ಹೋಗಿ ಡೆವುವಾನ್ ಎಂಬ ಬೇರೆ ವ್ಯವಸ್ಥೆ ಕಟ್ಟಿದರು. ತಡೆಯುವ ಹಕ್ಕು ಯಾರಿಗೂ ಇರಲಿಲ್ಲ. ಬಾಗಿಲು ತೆರೆದಿದ್ದರೂ ಒಳಗೇ ಉಳಿದವರ ನಿಷ್ಠೆಗೆ ಬೆಲೆಯಿದೆ.

ನಾಲ್ಕನೆಯದು, ಅವಸರವಿಲ್ಲದಿರುವುದು. ಸುಮಾರು ಎರಡು ವರ್ಷಕ್ಕೊಮ್ಮೆ, ಸಿದ್ಧವಾದಾಗಲೇ ಹೊಸ ಆವೃತ್ತಿ ಬರುತ್ತದೆ: 12ನೆಯದು 2023ರ ಜೂನಿನಲ್ಲಿ, 13ನೆಯದು 2025ರ ಆಗಸ್ಟಿನಲ್ಲಿ. ನಡುವೆ ಬರುವುದು ಬಹುಮಟ್ಟಿಗೆ ರಕ್ಷಣೆಯ ತೇಪೆಗಳು ಮಾತ್ರ. ನಿನ್ನೆ ಕಲಿತ ಕೆಲಸ ಇಂದು ಬೆಳಿಗ್ಗೆ ಬದಲಾಗಿರುವುದಿಲ್ಲ. ದುಡಿಯುವವನಿಗೆ ಇದು ಸಣ್ಣ ಲಾಭವಲ್ಲ.

ಇಷ್ಟು ಹೇಳಿ, ಕಷ್ಟಗಳನ್ನು ಮರೆಮಾಚಿದರೆ ನಾವೂ ತಪ್ಪಿದಂತೆ. ವ್ಯಾಪಾರಿಗಳು ಬಳಸುವ ಲೆಕ್ಕದ ತಂತ್ರಾಂಶಗಳಲ್ಲಿ ಬಹಳಷ್ಟು ವಿಂಡೋಸಿಗಾಗಿಯೇ ಬರೆದವು. ಡೆಬಿಯನ್ನಿನಲ್ಲಿ ಅವು ಸುಲಭವಾಗಿ ನಡೆಯುವುದಿಲ್ಲ. 13ನೆಯ ಆವೃತ್ತಿಯಿಂದ ಬಹಳ ಹಳೆಯ 32 ಬಿಟ್ ಯಂತ್ರಗಳಿಗೆ ಹೊಸದಾಗಿ ಹಾಕುವ ಸೌಕರ್ಯವನ್ನು ಇವರೂ ನಿಲ್ಲಿಸಿದ್ದಾರೆ. ಮತ ಹಾಕುವ ಹಕ್ಕು ಸದಸ್ಯರಿಗೆ ಮಾತ್ರ, ಎಲ್ಲ ಬಳಕೆದಾರರಿಗೂ ಇಲ್ಲ. ಇನ್ನೂ ಮುಖ್ಯವಾದ ಮಾತೊಂದಿದೆ. ಕೂಲಿಯಿಲ್ಲದೆ ಅನೇಕರು ದುಡಿದು ಕಟ್ಟಿದ ಈ ಸಾಮಗ್ರಿಯಿಂದ ದೊಡ್ಡ ದೊಡ್ಡ ಕಂಪನಿಗಳೂ ಲಾಭ ಮಾಡಿಕೊಳ್ಳುತ್ತಿವೆ. ಸಾರ್ವಜನಿಕ ಕೆರೆಯಿಂದ ಬಡವ ಕೊಡ ತುಂಬಿಕೊಂಡರೆ ಸಾಹುಕಾರ ಪಂಪು ಹಚ್ಚುತ್ತಾನೆ. ಅದಕ್ಕಾಗಿ ಕೆರೆಯನ್ನೇ ಮುಚ್ಚಬೇಕೆ? ಹೂಳೆತ್ತುವ ಕೆಲಸದಲ್ಲಿ ಪಾಲು ಕೊಡಿ ಎಂದು ಅವನನ್ನು ಕೇಳಬೇಕು. ನಾವೂ ಬುಟ್ಟಿ ಹೊರಬೇಕು.

ನಮ್ಮ ಭಾಷೆಯ ಗುಬ್ಬಿ, ನವಿಲು ಎಂಬ ಅಕ್ಷರ ವಿನ್ಯಾಸಗಳು ಡೆಬಿಯನ್ ಭಂಡಾರದಲ್ಲಿವೆ. 2023ರ ಸೆಪ್ಟೆಂಬರಿನಲ್ಲಿ ಇವರ ಜಾಗತಿಕ ಸಮ್ಮೇಳನ ಪಕ್ಕದ ಕೇರಳದ ಕೊಚ್ಚಿಯಲ್ಲೇ ನಡೆಯಿತು. ಇದು ದೂರದವರ ಸೊತ್ತೆಂದು ನಾವು ಕೈಕಟ್ಟಿ ಕೂರುವಂತಿಲ್ಲ.

ಆದುದರಿಂದ ನಮ್ಮ ಸಲಹೆ ಇಷ್ಟೆ. ಅಂಗಡಿಯ ಲೆಕ್ಕದ ಯಂತ್ರವನ್ನು ನಾಳೆಯೇ ಬದಲಾಯಿಸಬೇಡಿ. ಸಂಘದ ಕಚೇರಿಯಲ್ಲಿ ಮೂಲೆಗೆ ಸೇರಿದ ಒಂದು ಕಂಪ್ಯೂಟರನ್ನು ತೆಗೆಯಿರಿ. ಅದರಲ್ಲಿರುವುದನ್ನು ಮೊದಲು ಬೇರೆಡೆ ನಕಲು ಮಾಡಿಟ್ಟು ಡೆಬಿಯನ್ ಹಾಕಿಸಿ. ಪತ್ರ ಬರೆಯಿರಿ, ಚಂದಾ ಲೆಕ್ಕವಿಡಿ, ಮಕ್ಕಳಿಗೆ ಕಲಿಸಿ. ಎಲ್ಲಿ ಕೆಟ್ಟಿತು, ಕನ್ನಡ ಎಲ್ಲಿ ತಪ್ಪಾಗಿ ಮೂಡಿತು ಎಂದು ಬರೆದಿಟ್ಟು ಅವರಿಗೆ ತಿಳಿಸಿ. ಆರು ತಿಂಗಳಾದ ಮೇಲೆ ಒಗ್ಗದಿದ್ದರೆ ಬಿಟ್ಟುಬಿಡಿ. ಯಾರ ಬಾಕಿಯೂ ನಿಮ್ಮ ತಲೆಯ ಮೇಲಿರುವುದಿಲ್ಲ. ಒಗ್ಗಿದರೆ, ಮುಂದಿನ ಸಭೆಯಲ್ಲಿ ಈ ಭಾಷಣವನ್ನು ನೀವೇ ಮಾಡಬೇಕು.